ಮಾಳಿಗೆಯ ಮೇಲೆ ಸುತ್ತಿದ ರುಮಾಲು

ಮನೆಪಟ್ಟಿ ಕಟ್ಟಿದ ರಸೀದಿ ಹುಡುಕಲು ಹೋದೆ, ರುಮಾಲು ಸಿಕ್ಕಿತು.

ಕಬ್ಬಿಣದ ಟ್ರಂಕಿನ ತಳದಲ್ಲಿ, ಯಾವ ಕಾಲದ್ದೋ ಒಂದು ಧೋತರದ ಕೆಳಗೆ, ಪುಡಿಯಾದ ಬೇವಿನ ಎಲೆಗಳ ನಡುವೆ ಅದು ಮಡಚಿಕೊಂಡು ಮಲಗಿತ್ತು. ಒಂದು ಕಾಲಕ್ಕೆ ಬಿಳಿಯ ಬಟ್ಟೆ. ಈಗ ಹಳೆಯ ಹಲ್ಲಿನ ಬಣ್ಣ. ಬಿಡಿಸಿದರೆ ಒಳಗಿಂದ ಚಕ್ಕೆ ಚಕ್ಕೆಯಾಗಿ ಮಣ್ಣು ಉದುರಿತು. ಒಂದು ಚಕ್ಕೆಯನ್ನು ಅಂಗೈಯಲ್ಲಿಟ್ಟು, ಎರಡು ಹನಿ ನೀರು ಬಿಟ್ಟು ಉಜ್ಜಿದೆ. ಅಷ್ಟೇ. ಎಷ್ಟೋ ವರ್ಷದ ಹಿಂದಿನ ಒಂದು ಬೇಸಿಗೆ ಮೂಗಿನೊಳಗೆ ಬಂದು ಕುಳಿತುಬಿಟ್ಟಿತು.

ಸವಳು ಮಣ್ಣಿನ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಸಿಮೆಂಟಿನ ಸೂರಿನ ಕೆಳಗೆ ಬೆಳೆದವರಾದರೆ ಗೊತ್ತಿರಲಿಕ್ಕಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯ ನಮ್ಮ ಮನೆಗಳೆಲ್ಲ ಆಗ ಮಣ್ಣಿನ ಮಾಳಿಗೆಯವು. ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ-ಸೊಪ್ಪು, ಅದರ ಮೇಲೆ ಗೇಣುದ್ದ ಮಣ್ಣು. ಆ ಮಣ್ಣಿನ ನೆತ್ತಿಗೆ ಪ್ರತಿ ವರ್ಷ ಮಳೆಗಿಂತ ಮುಂಚೆ ಒಂದು ಪದರು ಸವಳು ಹಾಕಿ, ತುಳಿದು ಕೂಡಿಸಬೇಕು. ಸವಳೆಂದರೆ ಊರಾಚೆಯ, ಒಂದು ಹುಲ್ಲುಕಡ್ಡಿಯೂ ಹುಟ್ಟದ ನೆಲದ ಉಪ್ಪುಪ್ಪು ಬಿಳಿಮಣ್ಣು. ಬೇರೆ ಯಾವ ಕೆಲಸಕ್ಕೂ ಬಾರದ ಆ ಮಣ್ಣು ನೀರನ್ನು ಮಾತ್ರ ಒಳಗೆ ಬಿಡುವುದಿಲ್ಲ. ಒದ್ದೆಯಾದಾಗ ಅದರ ವಾಸನೆ ನೆನೆದ ಕಂಬಳಿಯನ್ನೂ ಉಪ್ಪಿನ ಗಡಿಗೆಯನ್ನೂ ಒಟ್ಟಿಗೆ ಮೂಸಿದ ಹಾಗೆ. ಸರಿಯಾಗಿ ಹೇಳಲು ಬರುವುದಿಲ್ಲ ಬಿಡಿ.

ರಸೀದಿ ಯಾಕೆ ಬೇಕಿತ್ತೆಂದರೆ, ನಾನು ಮೃತ್ಯುಪತ್ರ ಬರೆಯುತ್ತಿದ್ದೆ. ಗಾಬರಿಯಾಗಬೇಡಿ, ಆರೋಗ್ಯ ಚೆನ್ನಾಗಿಯೇ ಇದೆ. ಬರೆಯುತ್ತಿದ್ದೆ ಅನ್ನುವುದಕ್ಕಿಂತ ಟೈಪ್ ರೈಟರಿನಲ್ಲಿ ಕುಟ್ಟುತ್ತಿದ್ದೆ ಅನ್ನಬೇಕು. ನಾನು ಅಕ್ಷರ ಕಲಿತದ್ದು ಇಪ್ಪತ್ನಾಲ್ಕು ದಾಟಿದ ಮೇಲೆ, ಟೈಪು ಕಲಿತದ್ದು ಅರವತ್ತು ದಾಟಿದ ಮೇಲೆ. ಒಂದು ಒತ್ತಕ್ಷರ ಹುಡುಕುವುದರೊಳಗೆ ಚಹಾ ಆರಿಹೋಗುತ್ತದೆ. ಆದರೂ ಬೆಳಗಿನಿಂದ ಕೂತು ಅರ್ಧ ಪುಟ ಮುಗಿಸಿದ್ದೆ: ಮನೆ ಇಬ್ಬರು ಗಂಡುಮಕ್ಕಳಿಗೆ ಸಮಪಾಲು, ಅವರು ತಮ್ಮ ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳತಕ್ಕದ್ದು. ಓದಿ ನೋಡಿ ನನಗೇ ಹೆಮ್ಮೆಯಾಯಿತು. ‘ತಕ್ಕದ್ದು’ ಅಂದರೆ ಕಾಗದಕ್ಕೆ ಎಂಥ ಗಾಂಭೀರ್ಯ ಬರುತ್ತದೆ ನೋಡಿ. ಮನೆಯ ನಂಬರು ಹಾಕಬೇಕಿತ್ತು, ಅದಕ್ಕೆ ಟ್ರಂಕು ತೆಗೆದೆ. ಆಗ ಈ ರುಮಾಲು.

ಇದು ನನ್ನ ರುಮಾಲಲ್ಲ. ಸಂಗಪ್ಪ ಮಾಮಾನದು.

ಸಂಗಪ್ಪ ಮಾಮಾ ನಮ್ಮ ನೀಲತ್ತೆಯ ಗಂಡ. ನೀಲತ್ತೆ ನಮ್ಮಪ್ಪನಿಗೂ ದೊಡ್ಡಪ್ಪನಿಗೂ ಅಕ್ಕ. ಅಜ್ಜನಿಗೆ ಆ ಮಗಳೆಂದರೆ ಜೀವ. ಊರು ಬಿಟ್ಟು ಕಳಿಸಲಾರದೆ, ಗಂಗಾವತಿ ಹತ್ತಿರದ ಮರಳಿಯಿಂದ ಒಬ್ಬ ಹುಡುಗನನ್ನು ಮನೆಯಳಿಯನಾಗಿ ತಂದ. ಕುಷ್ಟಗಿಯಲ್ಲಿ ನಮ್ಮ ಮನೆಯ ಎದುರಿಗೇ, ಓಣಿಯ ಆಚೆ ಬದಿ, ಒಂದು ಸಣ್ಣ ಮನೆ ಕಟ್ಟಿಸಿ ಇಬ್ಬರನ್ನೂ ಇಟ್ಟ. ಕಾಗದಪತ್ರ ಏನೂ ಇಲ್ಲ. ಹತ್ತು ಮಂದಿಯ ಮುಂದೆ "ಇದು ನೀಲವ್ವಂದು" ಅಂದನಂತೆ. ಆಗ ಅಷ್ಟು ಸಾಕಿತ್ತು.

ಮಾಮಾ ಭತ್ತದ ಸೀಮೆಯವನು, ಅನ್ನ ಉಂಡು ಬೆಳೆದವನು. ಬಂದ ಹೊಸದರಲ್ಲಿ ನಮ್ಮ ಜೋಳದ ರೊಟ್ಟಿ ನೋಡಿ, "ಇದನ್ನ ಉಣ್ಣೂದೋ, ಹೊದಕೊಳ್ಳೂದೋ?" ಅಂದನೆಂದು ಅತ್ತೆ ಸಾಯುವ ತನಕ ಹೇಳಿ ಹೇಳಿ ನಗುತ್ತಿದ್ದಳು. ಮೂವತ್ತು ವರ್ಷ ನಮ್ಮೂರ ನೀರು ಕುಡಿದರೂ ಊರಿನ ಬಾಯಲ್ಲಿ ಅವನು ‘ಮರಳಿ ಸಂಗಪ್ಪ’ನೇ. ಮನೆಯಳಿಯನ ಪಾಡು ಗೊತ್ತಲ್ಲ ನಿಮಗೆ. ಹಬ್ಬಕ್ಕೆ ಬಂದು ಹೋಗುವ ಅಳಿಯನಿಗೆ ಮಣೆ, ಹೋಳಿಗೆ, ತುಪ್ಪ. ಇಲ್ಲೇ ಇರುವ ಅಳಿಯನಿಗೆ, "ಎತ್ತಿಗೆ ನೀರು ಕುಡಿಸೀರೇನ್ರಿ?"

ಆದರೆ ಸವಳು ಹಾಕುವ ವಿದ್ಯೆಯಲ್ಲಿ ಅವನನ್ನು ಮೀರಿಸುವವರು ಓಣಿಯಲ್ಲಿ ಇರಲಿಲ್ಲ. ಸವಳಿನ ಹೆಂಟೆ ಒಡೆದು, ನಾಲಿಗೆಯ ತುದಿಗೆ ಹಚ್ಚಿ, ಕಣ್ಣು ಮುಚ್ಚಿ ನೋಡುವನು. ಉಪ್ಪು ಸಾಲದಿದ್ದರೆ ಥೂ ಎಂದು ಉಗುಳಿ ಇಡೀ ಬಂಡಿಯನ್ನೇ ತಿರುಗಿಸಿ ಕಳಿಸುವನು. "ಎರಿಮಣ್ಣ ಹಾಕಿದ್ರ ಬಿಸಲಿಗೆ ಬಿರಿತೈತಿ. ಕೆಂಪಮಣ್ಣ ಹಾಕಿದ್ರ ಮಳಿಗೆ ಹರಿದು ಹೊಕ್ಕೈತಿ. ಸವಳು ನೋಡು, ನನ್ನಂಗ. ಬಾಯಿ ಮುಚ್ಚಿಕೊಂಡು ಕುಂದರತೈತಿ" ಅನ್ನುವನು. ಅವನು ನೀರು ಚಿಮುಕಿಸುವುದು, ಅತ್ತೆ ಸೀರೆಯ ನೆರಿಗೆ ಎತ್ತಿ ಕಟ್ಟಿ ತುಳಿಯುವುದು. ಅವಳು ಎಲ್ಲಿ ತುಳಿಯಬೇಕೆಂದು ಅವನು ಹೇಳುವುದು, ಅವಳು ಅದರ ಪಕ್ಕದಲ್ಲಿ ತುಳಿಯುವುದು. ಮಕ್ಕಳಿಲ್ಲದ ಅವರಿಬ್ಬರಿಗೆ ವರ್ಷದಲ್ಲಿ ಅದೊಂದು ಹಬ್ಬ.

ಅತ್ತೆ ಹೋದದ್ದು ಯುದ್ಧದ ಕಾಲದಲ್ಲಿ, ಅಂಗಡಿಯಲ್ಲಿ ಸೀಮೆಎಣ್ಣೆ ಸಿಗದ ಒಂದು ಚಳಿಗಾಲ. ಮೂರೇ ದಿನದ ಜ್ವರ.

ಇಲ್ಲಿ ನಮ್ಮ ಮನೆತನಗಳ ಒಂದು ಪದ್ಧತಿ ಹೇಳಬೇಕು. ಹೆಂಡತಿ ಸತ್ತ ಗಂಡಸು ಬರಿತಲೆಯಲ್ಲಿರಬೇಕು. ಅವಳ ದಿವಸ, ಅಂದರೆ ಸತ್ತ ಮೇಲಿನ ಕಾರ್ಯ, ನಡೆಯುವ ದಿನ ತವರಿನವರು ಹೊಸ ರುಮಾಲು ತಂದು ಅವನ ತಲೆಗೆ ಸುತ್ತುತ್ತಾರೆ. ಅವನು ಅವರಿಗೆ ಸಿಹಿ ಉಣಿಸುತ್ತಾನೆ. ಅಲ್ಲಿಗೆ ದುಃಖದ ದಿನ ಮುಗಿದವು, ಅವನು ಮತ್ತೆ ನಾಲ್ಕು ಜನರಲ್ಲಿ ಓಡಾಡಬಹುದು. ಆಗ ಗಂಡಸು ತಲೆಗೆ ಬಟ್ಟೆ ಇಲ್ಲದೆ ಹೊಸ್ತಿಲು ದಾಟುತ್ತಿರಲಿಲ್ಲ. ರುಮಾಲು ಸುತ್ತುವುದಕ್ಕೆ ಒಂದೇ ನಿಯಮ: ಅದನ್ನು ಅವನ ಮನೆಯಲ್ಲೇ ಸುತ್ತಬೇಕು. ಬೀಗರು ಅವನ ಮನೆಗೆ ಬಂದು, ಅವನು ಹಾಸಿದ ಕಂಬಳಿಯ ಮೇಲೆ ಕೂತು ಸುತ್ತಬೇಕು. ಬೇರೆಯವರಿಗೆ ಇದರಲ್ಲಿ ತೊಡಕೇನೂ ಇಲ್ಲ. ಮನೆಯಳಿಯನಿಗೆ? ಅವನ ಮನೆ ಯಾವುದು?

ದೊಡ್ಡಪ್ಪ ಕೆಟ್ಟವನೆಂದು ತಿಳಿಯಬೇಡಿ. ನಮ್ಮಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿ, ಮದುವೆ ಮಾಡಿದವನು ಅವನೇ. ಮನೆಯಲ್ಲಿ ಹದಿನಾಲ್ಕು ಮಂದಿ. ಮದುವೆಯಾಗಿ ಎರಡು ವರ್ಷವಾದರೂ ನನಗೂ ಹೆಂಡತಿ ಪಾರವ್ವನಿಗೂ ಜೋಳದ ಚೀಲಗಳ ಸಂದಿಯಲ್ಲಿ ಹಾಸಿಗೆ. ದಿವಸಕ್ಕೆ ಎರಡು ದಿನ ಮೊದಲು ಅವನು ನನ್ನನ್ನು ಕರೆದು ಹೇಳಿದ:

"ತಮ್ಮಾ, ಅಪ್ಪ ಆ ಮನಿ ಅಕ್ಕಗ ಕೊಟ್ಟಿದ್ದ, ಭಾವಗಲ್ಲ. ಅಕ್ಕ ಹ್ವಾದ್ಲು. ಇನ್ನ ಅದು ತಿರುಗಿ ನಮ್ಮದ. ಭಾವನ್ನ ಮರಳಿಗೆ ಮುಟ್ಟಿಸಿ ಬರ್ತೀನಿ. ನೀನು, ಪಾರವ್ವ ಅಲ್ಲಿ ಇರ್ರಿ."

ನನಗೆ ಏನನ್ನಿಸಿತು? ಸುಳ್ಳು ಹೇಳಲಾರೆ, ಖುಷಿಯಾಯಿತು. ಅತ್ತೆಗಾಗಿ ಅತ್ತ ಕಣ್ಣು ಇನ್ನೂ ಒಣಗಿರಲಿಲ್ಲ. ಅದೇ ಕಣ್ಣಿನಿಂದ ಎದುರುಮನೆಯ ಪಡಸಾಲೆಯಲ್ಲಿ ನಮ್ಮ ಹಾಸಿಗೆ ಯಾವ ಗೋಡೆಗೆ ಹಾಕಬೇಕೆಂದು ಅಳೆದೆ.

ದಿವಸದ ದಿನ ಬಂತು. ಕನಕಗಿರಿ ಸಂತೆಯಿಂದ ತಂದ ಹೊಸ ರುಮಾಲು ತಾಟಿನಲ್ಲಿತ್ತು. ಮಾಮಾನ ಬಾಗಿಲ ಮುಂದೆ ದೊಡ್ಡಪ್ಪ ಬಂಡಿ ಹೂಡಿಸಿ ನಿಲ್ಲಿಸಿದ್ದ.

"ಏಳ್ರಿ ಭಾವಾರ. ಮರಳಿಗೆ ಹೋಗೂಣು. ಅಲ್ಲಿ ನಿಮ್ಮ ಅಣ್ತಮ್ಮರ ಮುಂದ ಸುತ್ತತೀವಿ. ಎಲ್ಲಾ ಪದ್ಧತಿ ಪ್ರಕಾರ ಆಗ್ಲಿ."

ಕಂಬಕ್ಕೆ ಒರಗಿದ್ದ ಮಾಮಾ ಏಳಲಿಲ್ಲ. "ಮರಳ್ಯಾಗ ನನ್ನ ಮನಿ ಎಲ್ಲೈತಿ? ಅಲ್ಲಿಂದ ಬಂದಾಗ ನನಗ ಮೀಸಿ ಪೂರಾ ಮೂಡಿದ್ದಿಲ್ಲ."

"ಅಣ್ತಮ್ಮರ ಮನಿ ಅಂದ್ರ ನಿಮ್ಮನಿ ಅಲ್ಲೇನ್ರಿ?"

"ಅವರ ಮನಿ ಅವರದು. ಬೀಗರು ನನ್ನ ಮನಿಗೆ ಬಂದು ಸುತ್ತಬೇಕು. ಇಲ್ಲೇ ಕಂಬಳಿ ಹಾಸೀನಿ. ಕುಂದರ್ರಿ, ಸುತ್ರಿ."

ದೊಡ್ಡಪ್ಪ ಕಂಬಳಿಯನ್ನು ನೋಡಿದ. ಕೂರಲಿಲ್ಲ. ಅಲ್ಲಿ ಕೂತು ರುಮಾಲು ಸುತ್ತಿದರೆ, ಅದು ಮಾಮಾನ ಮನೆ ಎಂದು ತವರಿನವರೇ ಹತ್ತು ಮಂದಿಯೆದುರು ಒಪ್ಪಿದ ಹಾಗೆ. ಇದು ನೆರೆದವರಿಗೆಲ್ಲ ತಿಳಿದಿತ್ತು, ಎತ್ತುಗಳಿಗೂ ತಿಳಿದಿತ್ತೇನೋ. ಅವು ಅಲ್ಲೇ ಮಲಗಿಬಿಟ್ಟವು. ಕಡೆಗೆ ನೊಗ ಬಿಚ್ಚಿ ಎತ್ತುಗಳನ್ನು ಬಿಟ್ಟರು. ಸತ್ತವರ ಹೆಸರಿನಲ್ಲಿ ತಂದ ರುಮಾಲನ್ನು ಸುತ್ತದೆ ತಿರುಗಿ ಮನೆಗೆ ಒಯ್ಯಬಾರದೆಂದು, ಅದನ್ನು ಮಾಮಾನ ಪಡಸಾಲೆಯ ಗೋಡೆಯ ಗೂಡಿನಲ್ಲೇ ಇಟ್ಟು ಬಂದರು.

ಹದಿನೈದು ದಿನ ಬಿಟ್ಟು ದೊಡ್ಡಪ್ಪ ಇನ್ನೊಂದು ಉಪಾಯ ತಂದ. "ಆತು ಭಾವಾರ, ನಿಮ್ಮನಿ ಬ್ಯಾಡ, ನಮ್ಮನಿ ಬ್ಯಾಡ. ಬಸವಣ್ಣನ ಗುಡಿಯಾಗ ಸುತ್ತೂಣು."

"ಅದು ಬಸವಣ್ಣನ ಮನಿ. ಅವನ ಹೇಣ್ತಿ ಸತ್ತಾಳೇನು?"

ಓಣಿಯ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದರು.

ಅಲ್ಲಿಂದ ಶುರುವಾಯಿತು ಮಾಮಾನ ಬರಿತಲೆಯ ಓಡಾಟ. ಮನೆಯೊಳಗೆ ಅಡಗಿ ಕೂತಿದ್ದರೆ ದೊಡ್ಡಪ್ಪನಿಗೆ ಅನುಕೂಲವಾಗುತ್ತಿತ್ತು. ಮಾಮಾ ಕೂರಲಿಲ್ಲ. ಕಿರಾಣಿ ಅಂಗಡಿಗೆ ಹೋದ, ಸಂತೆಗೆ ಹೋದ, ಯಾರದೋ ಮದುವೆಗೂ ಹೋಗಿ ಹಂದರದ ಕಂಬದ ಹತ್ತಿರ ನಿಂತು ಅಕ್ಷತೆ ಹಾಕಿ ಬಂದ. ನಡುನೆತ್ತಿ ಬೋಳಾಗಿ ಹೊಳೆಯುತ್ತಿತ್ತು. ಎಲ್ಲರೂ ಕೇಳುವವರೇ.

"ಏನ್ರಿ ಸಂಗಪ್ಪ, ಬೀಗರು ಇನ್ನಾ ಬಂದಿಲ್ಲೇನ್ರಿ?"

"ಬರ್ತಾರ. ಹಾದಿ ಭಾಳ ದೂರ ಐತಿ."

ಬೀಗರ ಮನೆ ಎದುರಿಗೇ ಇತ್ತು. ಅಲ್ಲಿ ಉಗುಳಿದರೆ ಇಲ್ಲಿ ಬೀಳುತ್ತಿತ್ತು. ಈ ಮಾತು ಊರೆಲ್ಲ ಸುತ್ತಿ ದೊಡ್ಡಪ್ಪನ ಕಿವಿಗೆ ಬರುವ ಹೊತ್ತಿಗೆ ಅದಕ್ಕೆ ರೆಕ್ಕೆ-ಪುಕ್ಕ ಬಂದಿರುತ್ತಿದ್ದವು. ಅವನು ಪೇಟೆಗೆ ಹೋಗುವುದನ್ನೇ ಕಡಿಮೆ ಮಾಡಿದ. ಒಂದು ದಿನ ತಾನೇ ಓಣಿ ದಾಟಿ ಬಂದು, ಕಟ್ಟೆಯ ಕೆಳಗೆ ನಿಂತು, ಸೋತ ದನಿಯಲ್ಲಿ ಹೇಳಿದ:

"ಜಿದ್ದು ಬಿಡ್ರಿ ಭಾವಾರ. ಊರು ಬಿಟ್ಟು ಹೋಗ್ರಿ ಅಂತ ಇನ್ನ ಅನ್ನೂದಿಲ್ಲ. ನಮ್ಮನ್ಯಾಗ ದನದ ಮನಿ ಬಾಜೂಕ ಒಂದು ಖೋಲಿ ಐತಿ. ಇರೂತನಕ ಇರ್ರಿ. ನಿಮ್ಮ ಎರಡು ರೊಟ್ಟಿ ನಮಗೇನು ಭಾರ?"

ಮಾಮಾ ಕತ್ತೆತ್ತಿ ಮಾಳಿಗೆಯ ಕಡೆ ನೋಡಿದ. "ನೀ ಇರಗೊಟ್ರ ನಾ ಇರೂದು ಬ್ಯಾರೆ, ತಮ್ಮಾ. ನನ್ನ ಮನ್ಯಾಗ ನಾ ಇರೂದು ಬ್ಯಾರೆ. ನಿಮ್ಮಕ್ಕ ಮೂವತ್ತು ವರ್ಸ ಈ ಮಾಳಗಿ ತುಳದಾಳ. ಅಕಿ ಹೆಜ್ಜಿ ಇದರಾಗ ಅದಾವ."

ದೊಡ್ಡಪ್ಪ ಹೋದ. ಮರುದಿನವೇ ನನಗೂ ಪಾರವ್ವನಿಗೂ ಹುಕುಂ ಬಂತು: ಎದುರುಮನೆಗೆ ಹೋಗಿ ಇರಬೇಕು. ಊರಿಗೆ ಹೇಳುವುದಕ್ಕೆ ಮಾಮಾನಿಗೆ ರೊಟ್ಟಿ ಬಡಿಯುವ ನೆಪ. ಒಳಗಿನ ಲೆಕ್ಕ ಬೇರೆ: ನಾವು ಹೊಕ್ಕರೆ ಅವನು ತಾನಾಗಿಯೇ ಬೇಸತ್ತು ಹೊರಡುತ್ತಾನೆ.

ನಾನು ಹಾಸಿಗೆಯ ಸುರುಳಿ ಹೊತ್ತು ಹೊಸ್ತಿಲಲ್ಲಿ ನಿಂತೆ. ಹೆಂಡತಿಯ ತಮ್ಮನ ಮಗನಾದ ನಾನು ಸಂಬಂಧದಲ್ಲಿ ಮಾಮಾನಿಗೆ ಅಳಿಯ. ಅವನು ನನ್ನನ್ನೂ ಹಾಸಿಗೆಯನ್ನೂ ನೋಡಿ ನಕ್ಕ.

"ಬಾ ಅಳಿಯಪ್ಪಾ. ನಾನೂ ಈ ಮನಿ ಅಳಿಯ, ನೀನೂ ಅಳಿಯ. ಯಾರು ಮದಲ ಹೊರಗ ಬೀಳ್ತಾರ ನೋಡೂಣು. ಪಾರವ್ವಾ, ಒಳಗ ಬಾ. ಆ ಗ್ವಾಡಿ ಕನ್ನಡಿ ಒಂದು ಅಲುಗಿಸಬ್ಯಾಡವಾ. ಉಳದದ್ದು ಹೆಂಗರ ಮಾಡ್ಕೊ."

ಆ ಕನ್ನಡಿ ಅತ್ತೆಯ ಎತ್ತರಕ್ಕೆ ಸಿಕ್ಕಿಸಿದ್ದು. ಪಾರವ್ವ ಅತ್ತೆಗಿಂತ ಗೇಣು ಉದ್ದ. ದಿನಾ ಬಗ್ಗಿ ಕುಂಕುಮ ಇಟ್ಟುಕೊಳ್ಳುತ್ತಿದ್ದಳು. ಕನ್ನಡಿ ಅಲುಗಿಸಲಿಲ್ಲ.

ಬೇಸಿಗೆ ಬಂತು. ದೊಡ್ಡಪ್ಪನಿಂದ ಇನ್ನೊಂದು ಹುಕುಂ. "ಈ ವರ್ಸ ಆ ಮಾಳಗಿಗೆ ಸವಳು ಹಾಕೂದು ಬ್ಯಾಡ. ನೀ ಕೈ ಹಚ್ಚಬ್ಯಾಡ. ಆ ಮುದುಕನ ಕಡಿಂದ ಒಂದಾಳಿನ ಕೆಲಸ ಅಲ್ಲ ಅದು. ಎರಡು ಮಳಿ ಬಿದ್ದು ಸೋರಾಕ ಹತ್ತಿದ್ರ ತಾನ ಏಳ್ತಾನ. ಆಮ್ಯಾಲೆ ನಿನಗ ಹೊಸದಾಗಿ ಕಟ್ಟಿಸಿ ಕೊಡ್ತೀನಿ."

ಪಾರವ್ವ ಬೀಸುಕಲ್ಲಿನ ಮುಂದೆ ಕೂತಿದ್ದಳು. ನಾನು ಈ ಸುದ್ದಿ ಹೇಳಿದೆ, ಸ್ವಲ್ಪ ಉತ್ಸಾಹದಿಂದಲೇ ಹೇಳಿದೆ ಅನ್ನಿ. ಅವಳು ಬೀಸುವುದನ್ನು ನಿಲ್ಲಿಸಿದಳು.

"ಒಂದು ಕೇಳ್ತೀನ್ರಿ. ನಾ ಸತ್ರ ನಿಮಗ ನಮ್ಮ ತವರಿನವರು ಬಂದು ರುಮಾಲರೆ ಸುತ್ತತಾರ. ನೀವು ಹ್ವಾದ್ರ ನನಗ ಏನು ಸುತ್ತಿ ಕಳಸ್ತಾರ?"

"ಕಳಸ್ತಾರ ಅಂದ್ರ? ನಿನ್ನ ಯಾರು ಎಲ್ಲಿಗೆ ಕಳಸ್ತಾರ?"

"ಮಾಮಾನ್ನ ಕಳಸಾಕ ಹತ್ಯಾರಲ್ಲ. ಗಂಡಸಿಗೆ ಹಿಂಗಂದ್ರ…"

ಬೀಸುಕಲ್ಲಿಗೆ ಒಂದು ಹಿಡಿ ಜೋಳ ಹಾಕಿ ಮತ್ತೆ ಬೀಸತೊಡಗಿದಳು. ನಾನು ಎದ್ದು ಕಟ್ಟೆಗೆ ಬಂದೆ. ಉತ್ತರ ಗೊತ್ತಿಲ್ಲದಾಗ ಗಂಡಸರಿಗೆಂದೇ ಮನೆಯ ಮುಂದೆ ಕಟ್ಟೆ ಕಟ್ಟಿರುತ್ತಾರೆ.

ಮಾಮಾ ಯಾರನ್ನೂ ಕೇಳಲಿಲ್ಲ. ಒಂದು ಬೆಳಿಗ್ಗೆ ಸವಳಿನ ಬಂಡಿ ಬಂತು. ನಾಲಿಗೆಗೆ ಹಚ್ಚಿ ನೋಡಿದ, ತಲೆಯಾಡಿಸಿದ, ಅಂಗಳದಲ್ಲಿ ಸುರುವಿಸಿಕೊಂಡ. ಬುಟ್ಟಿ ತುಂಬಿ ಹೆಗಲಿಗಿಟ್ಟು ಒಬ್ಬನೇ ನಿಚ್ಚಣಿಕೆ ಹತ್ತಿದ. ಇಳಿದ. ಹತ್ತಿದ. ನಾನು ಕಟ್ಟೆಯ ಮೇಲೆ ಕೂತಿದ್ದೆ. ಎದುರುಮನೆಯ ಕಟ್ಟೆಯ ಮೇಲೆ ದೊಡ್ಡಪ್ಪ ಕೂತಿದ್ದ. ನಡುವೆ ಓಣಿ. ನನ್ನ ಜೀವನದಲ್ಲಿ ಅಷ್ಟು ಅಗಲದ ಓಣಿ ಇನ್ನೊಂದು ಕಂಡಿಲ್ಲ. ಐದನೆಯ ಬುಟ್ಟಿಗೆ ಮಾಮಾನ ಕಾಲು ನಿಚ್ಚಣಿಕೆಯ ಮೇಲೆ ನಡುಗಿತು. ಪಾರವ್ವ ಒಳಗಿಂದ ಬಂದಳು, ಸೆರಗು ಬಿಗಿದಳು, ಬುಟ್ಟಿ ತುಂಬಿದಳು.

"ಎತ್ತಾಕ ಕೈ ಹಚ್ಚತೀರೋ, ಅಲ್ಲೇ ಕುಂತು ಮಾಳಗಿ ಕಾಯ್ತೀರೋ?"

ಓಣಿಯವರೆಲ್ಲ ನೋಡುತ್ತಿದ್ದರು. ನಾನು ಎದ್ದೆ. ಧೈರ್ಯದಿಂದ ಎದ್ದೆ ಎಂದು ಬರೆಯಬಹುದು, ಕೇಳುವವರು ಯಾರಿದ್ದಾರೆ. ಆದರೆ ನಾಚಿಕೆಯಿಂದ ಎದ್ದೆ. ದೊಡ್ಡಪ್ಪನ ಕಡೆ ನೋಡದೆ ಬುಟ್ಟಿ ಹೊತ್ತು ಹತ್ತಿದೆ.

ಮಾಮಾ ಹೇಳಿದಲ್ಲಿ ಸುರುವಿದೆ, ಹೇಳಿದಲ್ಲಿ ತುಳಿದೆ. "ಆನಿ ತುಳದಂಗ ತುಳಿಬ್ಯಾಡ. ನಿಮ್ಮತ್ತಿ ಬೆಕ್ಕಿನಂಗ ತುಳಿತಿದ್ಲು" ಅಂದ. ಬಿಸಿಲು ಏರಿತು. ಹರನಾಳಿಗೆ, ಅಂದರೆ ಮಾಳಿಗೆಯ ನೀರು ಹೊರಗೆ ಬೀಳುವ ಜಾಗ, ಅದರ ಹತ್ತಿರ ಅವನು ಬಗ್ಗಿ ಮಣ್ಣು ತೀಡುತ್ತಿದ್ದ. ಏಳಲು ಹೋದವನು ಹಾಗೇ ಕುಸಿದ. ಓಡಿ ಹಿಡಿದೆ. ಬೋಳು ನೆತ್ತಿ ಮುಟ್ಟಿದರೆ ಹಂಚು ಮುಟ್ಟಿದ ಹಾಗೆ ಸುಡುತ್ತಿತ್ತು. ಕಣ್ಣು ಮೇಲಕ್ಕೆ ತಿರುಗಿದ್ದವು.

ನಮ್ಮ ಮಾಳಿಗೆಗಳ ನಡುವೆ ಬೆಳಕಿಗೆಂದು ಒಂದು ಗವಾಕ್ಷಿ, ಬುಟ್ಟಿಯಗಲದ ಕಂಡಿ, ಇರುತ್ತದೆ. ಅದರೊಳಗೆ ಬಾಯಿ ಇಟ್ಟು ಕೂಗಿದೆ: "ಪಾರೂ, ನೀರು! ತಲಿಗೆ ಸುತ್ತಾಕ ಒಂದು ಅರಿವಿ ಕೊಡ, ಲಗೂನ!"

ಕಂಡಿಯೊಳಗಿಂದ ಒಂದು ಕೋಲು ಮೇಲೆ ಬಂತು. ಕೋಲಿನ ತುದಿಯಲ್ಲಿ, ನೀರಿನಲ್ಲಿ ಅದ್ದಿದ್ದ, ಆ ರುಮಾಲು.

ನೀವು ಕೇಳಬಹುದು, ಮನೆಯಲ್ಲಿ ಬೇರೆ ಬಟ್ಟೆ ಇರಲಿಲ್ಲವೇ ಎಂದು. ನಾನೂ ಎಷ್ಟೋ ಸಲ ಕೇಳಿದ್ದೇನೆ. "ಕೈಗೆ ಅದ ಸಿಕ್ಕಿತು" ಅನ್ನುತ್ತಾಳೆ ಪಾರವ್ವ, ಇವತ್ತಿಗೂ. ಅವಳನ್ನು ಬಿಡಿ. ನನ್ನ ತಲೆಗೇ ಒಂದು ವಲ್ಲಿ ಸುತ್ತಿಕೊಂಡಿದ್ದೆನಲ್ಲ! ಅದನ್ನು ಬಿಚ್ಚಿದ್ದರೆ ಆಗುತ್ತಿತ್ತು. ನನಗೆ ಹೊಳೆಯಲಿಲ್ಲವೋ, ಹೊಳೆದರೂ ಕೈ ಹೋಗಲಿಲ್ಲವೋ, ದೇವರಿಗೇ ಗೊತ್ತು. ಒದ್ದೆ ರುಮಾಲನ್ನು ಬಿಡಿಸಿ, ಸವಳು ಮೆತ್ತಿದ ಕೈಯಿಂದಲೇ ಮಾಮಾನ ತಲೆಗೆ ಸುತ್ತಿದೆ. ರುಮಾಲು ಕಟ್ಟಲು ನನಗೆ ಬರುತ್ತಿರಲಿಲ್ಲ. ಕೊಡದ ಬಾಯಿಗೆ ಅರಿವೆ ಸುತ್ತಿದ ಹಾಗೆ ಸುತ್ತಿದೆ.

ಪಕ್ಕದ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದ ಮುದುಕಿ ಊರಿಗೆಲ್ಲ ಕೇಳುವಂತೆ ಕೂಗಿದಳು: "ಏ, ನೋಡ ಬರ್ರೆವಾ! ಬೀಗರು ಸಂಗಪ್ಪಗ ರುಮಾಲು ಸುತ್ತಿದ್ರು! ಮಾಳಗಿ ಮ್ಯಾಲ ಸುತ್ತಿದ್ರು!"

ಆಗ ನನಗೆ ನಾನು ಮಾಡಿದ್ದು ತಿಳಿಯಿತು. ನಾನು ತವರಿನ ಗಂಡಸು. ದಿವಸಕ್ಕೆ ತಂದ ರುಮಾಲು. ಓಣಿಯ ಅರ್ಧ ಮಂದಿ ಸಾಕ್ಷಿ.

ಮಾಮಾ ಕಣ್ಣು ತೆರೆದ. ನೀರು ಕುಡಿಸಿದೆ. ಕೈ ಎತ್ತಿ ತಲೆ ಮುಟ್ಟಿಕೊಂಡ, ಸುತ್ತು ಸುತ್ತನ್ನೂ ಮುಟ್ಟಿಕೊಂಡ.

"ಯಾರು ಸುತ್ತಿದ್ರು?"

"ನಾನ, ಮಾಮಾ."

"ಎಲ್ಲಿ ಅದೀವಿ?"

"ಮಾಳಗಿ ಮ್ಯಾಲ."

"ಯಾರ ಮಾಳಗಿ?"

ಬಿಸಿಲಿಗೆ ಮಂಕಾಗಿ ಕೇಳಿದನೋ, ಬೇಕೆಂದು ಕೇಳಿದನೋ. ಅವನ ಕಣ್ಣು ನನ್ನ ಮುಖದ ಮೇಲೆಯೇ ಇತ್ತು. ಕೆಳಗೆ ದೊಡ್ಡಪ್ಪ ಓಣಿಯ ನಡುವೆ ಬಂದು ನಿಂತು ಮೇಲೆ ನೋಡುತ್ತಿದ್ದ. ಗವಾಕ್ಷಿಯ ಕೆಳಗೆ ಪಾರವ್ವ ನಿಂತಿದ್ದಳು. ಗೋಡೆಗೆ ಅಳೆದಿಟ್ಟಿದ್ದ ನನ್ನ ಹಾಸಿಗೆ ನೆನಪಾಯಿತು.

"ನಿಮ್ದ, ಮಾಮಾ" ಅಂದೆ.

ಅವನು ಕಣ್ಣು ಮುಚ್ಚಿದ. ಹಾಗೆಯೇ ಹೇಳಿದ: "ಹಂಗಾರ ಹರನಾಳಿಗಿ ಕಡೆ ಇನ್ನೊಂದು ಬುಟ್ಟಿ ಹಾಕು. ಅಲ್ಲಿ ತೆಳ್ಳಗ ಆಗೇತಿ."

ದೊಡ್ಡಪ್ಪ ಕೆಳಗಿಂದ ಗುಡುಗಿದ: "ಯಾರನ್ನ ಕೇಳಿ ಸುತ್ತಿದ್ಯೋ?"

"ತಲಿ ಸುಡಾಕ ಹತ್ತಿತ್ತು, ದೊಡ್ಡಪ್ಪ."

ಇದಕ್ಕಿಂತ ದೊಡ್ಡ ವಾದ ನನ್ನ ಹತ್ತಿರ ಇರಲಿಲ್ಲ. ಓಣಿಯವರು ನಕ್ಕರು. ಮುದುಕಿ ಮಾತ್ರ ಬಿಡಲಿಲ್ಲ: "ಬೈಯೂದು ಆಮ್ಯಾಲೆ ಬೈಯಪ್ಪಾ. ಸುತ್ತಿದ ಮ್ಯಾಲ ಬೀಗರು ಸಿಹಿ ಉಣಬೇಕು. ಉಪವಾಸ ಹ್ವಾದ್ರ ನಿಮ್ಮಕ್ಕ ಮ್ಯಾಲಿಂದ ನೋಡ್ತಾಳ."

ಅಕ್ಕನ ಹೆಸರು ಬಂದದ್ದೇ ದೊಡ್ಡಪ್ಪನ ಮುಖ ಬೇರೆಯಾಯಿತು. ನಿಂತ. ಓಣಿಯ ಆ ಕಡೆ ನೋಡಿದ, ಈ ಕಡೆ ನೋಡಿದ. ಪಾರವ್ವ ಆಗಲೇ ಒಲೆಗೆ ಗೋಧಿ ನುಚ್ಚು ಇಟ್ಟಿದ್ದಳು. ಬೆಲ್ಲದ ವಾಸನೆ ಬಾಗಿಲಿಗೆ ಬಂದಿತ್ತು. ಮಾಮಾನನ್ನು ಮೆಲ್ಲಗೆ ಇಳಿಸಿಕೊಂಡು ಬಂದೆ. ಅವನು ಕಾಲು ತೊಳೆಯಲಿಲ್ಲ, ಕೈ ತೊಳೆಯಲಿಲ್ಲ. ಆ ವಕ್ರ ರುಮಾಲಿನಲ್ಲೇ ಒಳಗೆ ಹೋಗಿ, ಕಂಬಳಿ ತಂದು, ಕೊಡವಿ, ಪಡಸಾಲೆಯಲ್ಲಿ ಹಾಸಿದ.

ದೊಡ್ಡಪ್ಪ ಹೊಸ್ತಿಲು ದಾಟಿ ಬಂದು ಕೂತ. ಕೂತವನು ಮೊದಲು ಮಾಡಿದ ಕೆಲಸವೆಂದರೆ, ಮಾಮಾನ ತಲೆಯ ರುಮಾಲು ಬಿಚ್ಚಿ, "ಇದೇನು ಹೆಣಾ ಸುತ್ತಿದಂಗ ಸುತ್ಯಾನ, ಮಬ್ಬ" ಎಂದು ನನ್ನನ್ನು ಬೈಯುತ್ತ, ಸರಿಯಾಗಿ ಸುತ್ತಿದ್ದು. ಸಿಹಿ ಸಜ್ಜಕ ಉಂಡು, ಕೈ ತೊಳೆದು, ಹೋಗುವಾಗ ಹೊಸ್ತಿಲಲ್ಲಿ ತಿರುಗಿ ಹೇಳಿದ: "ಬರ್ತೀವ್ರಿ ಭಾವಾರ. ನಮ್ಮ ಮಾಳಗಿಗೂ ಒಂದೀಟು ಸವಳು ನೋಡಿ ತರಸ್ರಿ. ನಮಗ ನಾಲಿಗಿ ಹಚ್ಚಿದ್ರ ತಿಳಿಯೂದಿಲ್ಲ."

ಬೀಗರು ಬೀಗರ ಮನೆಯಿಂದ ಹೊರಡುವಾಗ ಆಡುವ ಮಾತು ಅದು. ಮುಂದೆ ಆ ವಿಷಯ ಯಾರೂ ಎತ್ತಲಿಲ್ಲ.

ನನ್ನ ಅಕ್ಷರದ ಕಥೆ ಹೇಳಿದೆನಲ್ಲ, ಅದೂ ಅದೇ ಮಾಳಿಗೆಯ ಮೇಲೆ. ಮಾಮಾ ಮರಳಿಯಲ್ಲಿ ಒಂದಿಷ್ಟು ಓದು-ಬರಹ ಕಲಿತು ಬಂದಿದ್ದ. ಮರುವರ್ಷ ಸವಳು ತೀಡಿದ ಮೇಲೆ ಒಂದು ಮೂಲೆ ಹಸಿಯಾಗಿಯೇ ಬಿಟ್ಟು, ಬೆರಳಿನಿಂದ ‘ಅ’ ಬರೆದು ತೋರಿಸಿದ. ಬರೆದದ್ದು ತಪ್ಪಿದರೆ ನೀರು ಚಿಮುಕಿಸಿ ತೀಡಿಬಿಡುವುದು. ಅಷ್ಟು ದೊಡ್ಡ ಪಾಟಿಯ ಮೇಲೆ ಬೇರೆ ಯಾರೂ ಕಲಿತಿರಲಿಕ್ಕಿಲ್ಲ.

ಮಾಮಾ ಆಮೇಲೆ ಐದಾರು ವರ್ಷ ಬದುಕಿದ. ಅದೇ ಮನೆಯಲ್ಲಿ, ಅದೇ ಕಂಬಳಿಯ ಮೇಲೆ ಹೋದ. ಹೋಗುವ ಮುಂಚೆ ದೊಡ್ಡಪ್ಪನನ್ನೂ ಓಣಿಯ ಹಿರಿಯರನ್ನೂ ಕರೆಸಿ, ಅಜ್ಜನ ಹಾಗೆಯೇ ಒಂದು ಮಾತು ಹೇಳಿದ: "ಇದು ಪಾರವ್ವಂದು."

ಪಾರವ್ವಂದು. ನನ್ನದು ಅನ್ನಲಿಲ್ಲ.

ರುಮಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಆ ಮಾತು ಇವತ್ತು ನೆನಪಾಯಿತು. ಎಷ್ಟು ವರ್ಷದ ಮೇಲೆ! ಮಾಮಾ ಹೋದ ಮೇಲೆ ಮನೆಗಳಿಗೆಲ್ಲ ನಂಬರು ಹಾಕುವ ಕಾಲ ಬಂತು. ಗುಮಾಸ್ತ ಬಾಗಿಲಲ್ಲಿ ನಿಂತು, "ಯಜಮಾನರ ಹೆಸರು?" ಎಂದು ಕೇಳಿದ. ನಾನು ನನ್ನ ಹೆಸರು ಹೇಳಿದೆ. ಮಾಮಾ ಕಲಿಸಿದ ಅಕ್ಷರದಲ್ಲಿ ರುಜುವನ್ನೂ ಮಾಡಿದೆ, ಬಾಲ ಎಳೆದು. ಪಾರವ್ವ ಪಕ್ಕದಲ್ಲೇ ನೀರಿನ ಕೊಡ ಹಿಡಿದು ನಿಂತಿದ್ದಳು. ಕೊಡ ಎತ್ತಿಕೊಂಡು ಒಳಗೆ ಹೋದಳು. ನಾನು ಕಳ್ಳತನ ಮಾಡಿದೆನೆಂದು ನನಗೆ ಅನ್ನಿಸಲೇ ಇಲ್ಲ. ಕೇಳಿದ್ದು ಯಜಮಾನರನ್ನಲ್ಲವೇ. ಈಗ ನೋಡಿದರೆ ಅದೇ ಮನೆಯನ್ನು ಮಕ್ಕಳಿಗೆ ಸಮಪಾಲು ಹಂಚಿ, ಅದರ ಒಡತಿಯನ್ನು ಚೆನ್ನಾಗಿ ನೋಡಿಕೊಳ್ಳತಕ್ಕದ್ದು ಎಂದು ಅಪ್ಪಣೆ ಕೊಡಿಸುತ್ತಿದ್ದೇನೆ. ದೊಡ್ಡಪ್ಪನಾದರೂ ದನದ ಮನೆಯ ಪಕ್ಕದ ಖೋಲಿ ಇಂಥದ್ದೆಂದು ತೋರಿಸಿದ್ದ. ನಾನು ಅದನ್ನೂ ತೋರಿಸಿರಲಿಲ್ಲ.

ಅರ್ಧ ಪುಟ ಕಿತ್ತು ಹೊಸ ಹಾಳೆ ಹಾಕಿದೆ. ಬಹಳ ಯೋಚಿಸಿ, ಒಂದು ಸಾಲು ಹೊಡೆದೆ. ಪಾರವ್ವ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಅವಳಿಗೆ ಓದಲು ಬರುವುದಿಲ್ಲ. ಗಟ್ಟಿಯಾಗಿ ಓದಿ ಹೇಳಿದೆ:

"ನನ್ನ ತರುವಾಯ ನನ್ನ ಹೆಂಡತಿ ಪಾರವ್ವಳಿಗೆ ಈ ಮನೆಯಲ್ಲಿ ಬದುಕಿರುವ ತನಕ ಇರಲು ಅವಕಾಶ ಇರತಕ್ಕದ್ದು."

ಮೊರ ನಿಂತಿತು.

"ಯಾರು ಕೊಡ್ತಾರ್ರಿ ಅವಕಾಶ?"

"ನಾನು."

"ನಿಮಗ ಯಾರು ಕೊಟ್ರು?"

ಕಟ್ಟೆಗೆ ಎದ್ದು ಹೋಗೋಣವೆಂದರೆ ಈಗ ಮಂಡಿ ಕೇಳುವುದಿಲ್ಲ. ಕೂತಲ್ಲೇ ಕೂತೆ. ಅವಳು ಎದ್ದು ಬಂದು ನನ್ನ ತೊಡೆಯ ಮೇಲಿನ ರುಮಾಲು ಎತ್ತಿಕೊಂಡಳು. ನಾನು ಒಗೆಯುತ್ತಾಳೆಂದು ತಿಳಿದೆ. ಇಲ್ಲ. ಉದುರಿದ ಚಕ್ಕೆಗಳನ್ನೂ ಒಂದೊಂದಾಗಿ ಆರಿಸಿ ಅದರೊಳಗೆ ಹಾಕಿ, ಮೊದಲಿದ್ದ ಹಾಗೆಯೇ ಮಡಚಿದಳು. ಗೋಡೆಯ ಮೇಲೆ ಅತ್ತೆಯ ಕನ್ನಡಿ ಇನ್ನೂ ಅಲ್ಲೇ ಇದೆ, ಪಾದರಸ ಹೋಗಿ. ಅವಳ ಬಾಗಿದ ಬೆನ್ನಿಗೆ ಈಗ ಅದು ಸರಿಯಾದ ಎತ್ತರಕ್ಕೇ ಬಂದಿದೆ.

"ಮಾಮಾ ಅಂದದ್ದು ನಿಮಗ ನೆನಪೈತೇನು?" ಅಂದಳು.

"ಐತಿ."

"ಅಂದ್ರ ಅಷ್ಟ ಬರಿರಿ. ಅದಕ್ಕ ಇಷ್ಟ್ಯಾಕ ಒದ್ದಾಡ್ತೀರಿ?"

ಎರಡನೆಯ ಹಾಳೆಯನ್ನೂ ಕಿತ್ತೆ. ಮೂರನೆಯದನ್ನು ಉರುಳೆಗೆ ಸಿಕ್ಕಿಸಿದೆ. ಇ. ದು. ಪಾ. ರ. ಇನ್ನು ‘ವ್ವ’ ಬರಬೇಕು, ಅದರ ಒತ್ತು ಎಲ್ಲಿದೆಯೋ ಹುಡುಕುತ್ತಿದ್ದೇನೆ. ಅವಳು ಒಳಕೋಣೆಯಲ್ಲಿ ಟ್ರಂಕು ಮುಚ್ಚಿದ ಸದ್ದು ಕೇಳಿಸಿತು. ಅಲ್ಲಿಂದಲೇ ಕೂಗಿ ಹೇಳಿದಳು:

"ಬರದು ಮುಗಿಸಿದ ಮ್ಯಾಲ ಹೇಳ್ರಿ. ಕಂಬಳಿ ಹಾಸ್ತೀನಿ, ಬಂದು ಕುಂದರ್ರಿ."